ಎರಡು ಬೇಸಿಗೆ, ಎರಡು ಫ್ಯಾನು ಮತ್ತು ಆ ರಿಮೋಟು

ಹನುಮಂತನಗರದಲ್ಲಿ ನಮ್ಮದು ಮೇಲಿನ ಮಹಡಿ. ತಲೆ ಮೇಲೆ ನೇರ ತಾರಸಿ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತಲ್ಲ, ಆಗ ಹಾಲ್‌ನ ಹಳೇ ಫ್ಯಾನು ಕಂಡೆನ್ಸರ್ ಬದಲಾಯಿಸಿದರೂ ತೆವಳುತ್ತಿತ್ತು. ಹಾಲ್‌ಗೆ ಒಂದು, ಪಕ್ಕದ ಊಟದ ಜಾಗಕ್ಕೆ ಒಂದು ಅಂತ ಎರಡು ಬಿಎಲ್‌ಡಿಸಿ ಫ್ಯಾನು, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನವು, ತಂದೆ. ಒಂದೊಂದಕ್ಕೆ 3,000 ರೂಪಾಯಿ ಹತ್ತಿರ ಆಯಿತು.

ಗಾಳಿ ಚೆನ್ನಾಗಿದೆ. ಹಾಗಂತ ತಂಪಲ್ಲ. ಕಾದ ತಾರಸಿ ಕೆಳಗೆ ಯಾವ ಫ್ಯಾನಾದರೂ ಬಿಸಿ ಗಾಳಿಯನ್ನೇ ಕಲಸುತ್ತದೆ. ಸಂಜೆ ಮೇಲೆ ಹೋಗಿ ನಾಲ್ಕು ಬಕೆಟ್ ನೀರು ಹಾಕುವುದು ಇನ್ನೂ ತಪ್ಪಿಲ್ಲ.

ನನ್ನ ಸಿಟ್ಟೆಲ್ಲ ರಿಮೋಟ್ ಮೇಲೆ. ಹಳೇ ರೆಗ್ಯುಲೇಟರ್ ಈ ಫ್ಯಾನಿಗೆ ಆಗಲ್ಲ ಅಂತ ಎಲೆಕ್ಟ್ರಿಷಿಯನ್ ಕಿತ್ತು ಕೈಗೆ ಕೊಟ್ಟ. ಕತ್ತಲಲ್ಲೂ ಕೈ ತಾನಾಗಿ ಹೋಗುತ್ತಿದ್ದ ಗುಂಡಿ ಅದು. ಈಗ ಸೋಫಾ ಸಂದಿ, ದಿಂಬಿನಡಿ, ಒಮ್ಮೆ ತರಕಾರಿ ಬುಟ್ಟಿಯಲ್ಲೂ ರಿಮೋಟ್ ಹುಡುಕಿದ್ದೇವೆ. ಸಿಕ್ಕಿತೋ, ಇನ್ನೊಂದು ಪೀಕಲಾಟ. ಎರಡೂ ಒಂದೇ ಮಾಡೆಲ್, ನಡುವೆ ಗೋಡೆ ಇಲ್ಲ, ಒಂದರ ರಿಮೋಟ್ ಒತ್ತಿದರೆ ಇನ್ನೊಂದೂ ಕೇಳುತ್ತದೆ. ಅಪ್ಪ ಸೋಫಾದಲ್ಲಿ ಐದಕ್ಕೆ ಒತ್ತಿದರೆ, ಆ ಕಡೆ ಹೂ ಕಟ್ಟುತ್ತಾ ಕೂತ ಅಮ್ಮನ ಮಲ್ಲಿಗೆ ನೆಲದ ಮೇಲೆ. "ನಿಮ್ ಫ್ಯಾನ್ ನೀವ್ ಹಾಕ್ಕೊಳ್ರೀ, ನನ್ನ ತಂಟೆಗ್ಯಾಕೆ?" ಈಗ ಅಪ್ಪ ಫ್ಯಾನಿನ ಕೆಳಗೇ ನಿಂತು, ರಿಮೋಟಿಗೆ ಅಂಗೈ ಅಡ್ಡ ಹಿಡಿದು, ಕಳ್ಳನ ಹಾಗೆ ಒತ್ತುತ್ತಾರೆ. ಹತ್ತರಲ್ಲಿ ಆರು ಸಲ ಗೆಲ್ಲುತ್ತಾರೆ.

ವಾಪಸ್ ಕೊಡೋಣ ಅಂತಲೇ ಇದ್ದೆ. ಒಂದು ರಾತ್ರಿ ಮಳೆ ಬಂದು ಕರೆಂಟ್ ಹೋಯಿತು. ಯುಪಿಎಸ್‌ನಲ್ಲಿ ಹಳೇ ಫ್ಯಾನು ಗುಂಯ್ ಅಂತ ಗೊಣಗುತ್ತಿತ್ತು. ಇದು ಸದ್ದೇ ಇಲ್ಲ. ಕರೆಂಟ್ ಹೋಗಿದ್ದೇ ನನಗೆ ಗೊತ್ತಾಗಲಿಲ್ಲ, ಬೀದಿ ದೀಪ ಆರಿದ್ದು ನೋಡಿ ತಿಳಿಯಿತು. ಹಳೇದು 75 ವ್ಯಾಟ್ ತಿನ್ನುತ್ತಿತ್ತು, ಇದಕ್ಕೆ 30ರ ಆಸುಪಾಸು ಸಾಕು. ಬ್ಯಾಟರಿ ಬೆಳಗಿನವರೆಗೂ ಬಂತು.

ದಿನಕ್ಕೆ ಹನ್ನೆರಡು ಗಂಟೆ ಅಂದರೂ ಎರಡು ಫ್ಯಾನಿಂದ ತಿಂಗಳಿಗೆ 30 ಯೂನಿಟ್ ಮೇಲೆ ಉಳಿಯುತ್ತದೆ. ಗೃಹಜ್ಯೋತಿ ಇದೆಯಲ್ಲ, ಉಳಿಸಿ ಏನು ಮಾಡಬೇಕು ಅನ್ನಬಹುದು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು, ಅಲ್ವಾ? ಫ್ರಿಜ್ಜು, ಗೀಸರು, ಮಿಕ್ಸಿ ಇರುವ ಮನೆಯಲ್ಲಿ ಏಪ್ರಿಲ್ ಬಂದರೆ ಆ ಗಡಿ ತುಂಬಾ ಹತ್ತಿರ.

ನೀವು ಕೊಳ್ಳುವುದಾದರೆ ಅಕ್ಕಪಕ್ಕ ಒಂದೇ ಮಾಡೆಲ್ ಹಾಕಿಸಬೇಡಿ. ಗೋಡೆ ರೆಗ್ಯುಲೇಟರ್‌ಗೂ ಒಗ್ಗುವ ಬಿಎಲ್‌ಡಿಸಿ ಸಿಗುತ್ತದೆ, ಮೊದಲು ಅದನ್ನೇ ಕೇಳಿ. ನಮ್ಮನೆಯಲ್ಲಿ ಅಮ್ಮ ಹೋದ ವಾರ ರಿಮೋಟಿಗೆ ಉಲ್ಲನ್ ದಾರ ಕಟ್ಟಿ, ರೆಗ್ಯುಲೇಟರ್ ಇದ್ದ ತೂತಿನ ಪಕ್ಕದ ಮೊಳೆಗೆ ನೇತು ಹಾಕಿದ್ದಾರೆ. ಅಪ್ಪ ಈಗ ಮತ್ತೆ ಎದ್ದು ಗೋಡೆ ಹತ್ತಿರವೇ ಹೋಗುತ್ತಾರೆ.