ಮೂರು ಹಳೇ ಗಾಡಿ, ಒಂದೇ ಟೊಮೆಟೊ ಲೋಡು

ಮುಳಬಾಗಿಲು ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವವರಿಗೆ ಲೆಕ್ಕವೆಲ್ಲ ಬಾಕ್ಸಿನಲ್ಲೇ. ಬಾಕ್ಸಿಗೆ 15 ಕೆ.ಜಿ. ಹಣ್ಣು, ಕ್ರೇಟಿನ ತೂಕ ಬೇರೆ. ಸೀಸನ್ನಿನಲ್ಲಿ ಬಾಡಿಗೆ ಗಾಡಿಯವರು ಫೋನ್ ಎತ್ತುವುದಿಲ್ಲ. ಎತ್ತಿದರೂ ಅವರು ಹೇಳಿದ್ದೇ ರೇಟು. ಹೊಸ ಗಾಡಿಗೆ ಸಾಲ ಮಾಡುವ ಧೈರ್ಯ ಟೊಮೆಟೊ ನಂಬಿಕೊಂಡವರಿಗೆ ಬರಲ್ಲ ಬಿಡಿ. ಹಾಗಾಗಿ ತಮ್ಮನೂ ನಾನೂ ಹತ್ತು ವರ್ಷ ದಾಟಿದ ಮೂರು ಗಾಡಿ ನೋಡಿದೆವು. ಒಂದು ಟಾಟಾ ಏಸ್, ಒಂದು ಅಶೋಕ್ ಲೇಲ್ಯಾಂಡ್ ದೋಸ್ತ್, ಇನ್ನೊಂದು ಮಹೀಂದ್ರ ಬೊಲೆರೊ ಪಿಕಪ್.

ಖಾಲಿ ಗಾಡಿಯನ್ನು ಊರೊಳಗೆ ಒಂದು ಸುತ್ತು ಹೊಡೆಸಿದರೆ ಏನೂ ಗೊತ್ತಾಗುವುದಿಲ್ಲ. ಖಾಲಿ ಇದ್ದಾಗ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಮಾಲೀಕರಿಗೆ ಒಂದು ಟ್ರಿಪ್ಪಿನ ಬಾಡಿಗೆ ಕೊಟ್ಟು, ಡೀಸೆಲ್ ನಾವೇ ಹಾಕಿಸಿ, ನಮ್ಮ ಹಣ್ಣನ್ನೇ ತುಂಬಿ ಮಾರ್ಕೆಟ್ಟಿಗೆ ಹೋಗಿ ಬಂದೆವು. ಇದಕ್ಕೆ ಒಪ್ಪದ ಮಾಲೀಕನ ಹತ್ತಿರ ಮಾತು ಮುಂದುವರಿಸಲೇಬೇಡಿ.

ಮೊದಲು ಏಸ್. 2005ರಲ್ಲಿ ಬಂದ ಮಾಡೆಲ್ಲು, ಛೋಟಾ ಹಾಥಿ (ಪುಟ್ಟ ಆನೆ) ಅಂತ ಹೆಸರಾಗಿದ್ದು ಸುಮ್ನೆ ಅಲ್ಲ. ಸಂದಿಗೊಂದಿಯಲ್ಲೂ ತಿರುಗುತ್ತದೆ, ಡೀಸೆಲ್ ಕಮ್ಮಿ ಕುಡಿಯುತ್ತದೆ, ಬೆಲೆಯೂ ಕಮ್ಮಿ. ನಾವು ನೋಡಿದ್ದಕ್ಕೆ ಒಂದೂಕಾಲು ಲಕ್ಷ ಹೇಳಿದ್ದರು. ಆದರೆ ಹಳೇ ಏಸ್‌ನಲ್ಲಿರುವುದು 702 ಸಿಸಿಯ ಎರಡು ಸಿಲಿಂಡರಿನ ಇಂಜಿನ್, 16 ಎಚ್‌ಪಿ. ಹೊರುವ ಲೆಕ್ಕ 750 ಕೆ.ಜಿ. ಕ್ರೇಟು ಸೇರಿಸಿದರೆ ನಲವತ್ತೈದು ಬಾಕ್ಸಿಗೆ ಮುಗಿಯಿತು. ನಮ್ಮ ಕಡೆ ಅಷ್ಟಕ್ಕೆ ಯಾರು ನಿಲ್ಲಿಸುತ್ತಾರೆ? ಹಳೇ ಏಸ್ ಅಂದರೆ ಒಂದು ಟನ್ನಿನ ಮೇಲೆ ಹೊತ್ತು ಸುಸ್ತಾದ ಏಸ್ ಅಂತಲೇ ಅರ್ಥ. ಇದಕ್ಕೂ ಹಿಂದುಗಡೆ ಎಕ್ಸ್‌ಟ್ರಾ ಕಮಾನ್ ಪ್ಲೇಟ್ ಹಾಕಿಸಿದ್ದರು. ಹೈವೇಯಲ್ಲಿ ಸಣ್ಣ ಏರು ಬಂದರೂ ಗೇರ್ ಇಳಿಸಬೇಕಾಯಿತು, ಹಿಂದಿನಿಂದ ಲಾರಿಗಳ ಹಾರ್ನು. ತೋಟದ ದಾರಿ ಒದ್ದೆಯಾಗಿತ್ತು, 12 ಇಂಚಿನ ಚಕ್ರ ಹೂತುಕೊಂಡಿತು. ಮೂರು ಆಳು ಬಂದು ನೂಕಬೇಕಾಯಿತು.

ಸಣ್ಣ ಗಾಡಿಗೆ ಖರ್ಚೂ ಸಣ್ಣದು ಅಂತ ತಮ್ಮನ ವಾದ. ಇನ್ಶೂರೆನ್ಸ್ ವಿಷಯದಲ್ಲಿ ಅದು ಸುಳ್ಳು. ಬಾಡಿಗೆಗೆ ಓಡಿಸುವ ಸರಕು ಗಾಡಿಗಳಲ್ಲಿ ಲೋಡು ಸೇರಿ 7,500 ಕೆ.ಜಿ.ವರೆಗೆ ಥರ್ಡ್ ಪಾರ್ಟಿಗೆ ಒಂದೇ ಸ್ಲ್ಯಾಬ್. 2022ರ ದರದಲ್ಲಿ 16,049 ರೂಪಾಯಿ, ಜಿಎಸ್‌ಟಿ ಬೇರೆ. ನಲವತ್ತೈದು ಬಾಕ್ಸ್ ಹೊರುವ ಏಸ್‌ಗೂ ಅಷ್ಟೇ, ಎಪ್ಪತ್ತೈದು ಹೊರುವ ಬೊಲೆರೊಗೂ ಅಷ್ಟೇ.

ದೋಸ್ತ್ ಓಡಿಸುವುದಕ್ಕೆ ಮೂರರಲ್ಲೂ ಸುಖ. 2011ರಲ್ಲಿ ಬಂದ ಮಾಡೆಲ್ಲು, ಒಂದೂವರೆ ಲೀಟರಿನ ಮೂರು ಸಿಲಿಂಡರ್ ಟರ್ಬೊ ಡೀಸೆಲ್ ಇಂಜಿನ್, ಒಂದೂಕಾಲು ಟನ್ ಲೋಡು. ತುಂಬಿದ ಗಾಡಿ ಹೈವೇಯಲ್ಲಿ ಆರಾಮಾಗಿ ಹೋಯಿತು, ಮೈಲೇಜೂ ಪರವಾಗಿಲ್ಲ. ಮೀಟರಿನಲ್ಲಿ ಇನ್ನೂ ಒಂದು ಲಕ್ಷ ಆಗಿರಲಿಲ್ಲ. ಬ್ರೋಕರ್ ಅದನ್ನೇ ಹತ್ತು ಸಲ ಹೇಳಿದ.

ನಮ್ಮ ಮೆಕ್ಯಾನಿಕ್ ಭಾಯ್ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಡ್ರೈವರ್ ಸೀಟಿನ ಸ್ಪಂಜು ಒಂದು ಕಡೆ ಕುಸಿದಿತ್ತು. ಬಾಗಿಲು ತೆಗೆದು ಒಳಗಡೆ ಅಂಚಿನಲ್ಲಿ ಬಟ್ಟೆಯಿಂದ ಒರೆಸಿದರು. ಬಣ್ಣ ಹೋದ ಒಂದು ಆಯಿಲ್ ಚೇಂಜ್ ಸ್ಟಿಕ್ಕರ್. ಪೆನ್ನಿನಲ್ಲಿ ಬರೆದ ಕಿಲೋಮೀಟರು 1,43,000. ತಾರೀಕು ನಾಲ್ಕು ವರ್ಷ ಹಳೇದು. ಬ್ರೋಕರ್ ಆಮೇಲೆ ಲಕ್ಷದ ಮಾತೆತ್ತಲಿಲ್ಲ.

ಮೀಟರ್ ತಿರುಗಿಸಿದ್ದನ್ನಾದರೂ ಬೆಲೆಯಲ್ಲಿ ಸರಿಮಾಡಿಕೊಳ್ಳಬಹುದಿತ್ತು. ಬೇಡ ಅನ್ನಿಸಿದ್ದು ನಂಬರ್ ಪ್ಲೇಟು ನೋಡಿ. ಕೆಎ 20, ಉಡುಪಿ ಗಾಡಿ. ಅಲ್ಲಿ ಏನು ಹೊಡೆಯುತ್ತಿತ್ತು ಅಂದರೆ ಮೀನು. ಐಸ್ ಕರಗಿದ ಉಪ್ಪು ನೀರು ವರ್ಷಗಟ್ಟಲೆ ಬಾಡಿಯಿಂದ ಚಾಸಿಗೆ, ಅಂದರೆ ಗಾಡಿಯ ಅಡಿ ಚೌಕಟ್ಟಿಗೆ, ಸೋರಿದೆ. ಮೇಲೆ ಹೊಸ ಕಪ್ಪು ಪೇಂಟು. ಭಾಯ್ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಕೆರೆದರೆ ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಇಂಜಿನ್ನು ಹೋದರೆ ಕಟ್ಟಿಸಬಹುದು, ಚಾಸಿಗೆ ಏನು ಮಾಡುತ್ತೀರಿ? ಇದೇ ದೋಸ್ತ್ ಬಯಲುಸೀಮೆಯಲ್ಲಿ ಓಡಿದ್ದಾಗಿದ್ದರೆ ನಾನು ಬೊಲೆರೊ ನೋಡುವುದಕ್ಕೂ ಹೋಗುತ್ತಿರಲಿಲ್ಲವೇನೋ.

ಬೊಲೆರೊ ಪಿಕಪ್ಪಿನ ಮೀಟರ್ ನಿಂತು ಎಷ್ಟೋ ಕಾಲವಾಗಿತ್ತು. "ಮೂರು ಲಕ್ಷದ ಮೇಲೆ ಓಡಿದೆ ಅಣ್ಣ, ಎಷ್ಟು ಅಂತ ಕೇಳ್ಬೇಡಿ" ಅಂದ ಮಾಲೀಕ. ಮೂವರಲ್ಲಿ ಇವನ ಮಾತು ನಂಬಬಹುದು ಅನ್ನಿಸಿತು. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆವು. ಬಾನೆಟ್ ಎತ್ತಿ ಇಂಜಿನ್ ಮೇಲೆ ಕೈ ಇಟ್ಟರೆ ತಣ್ಣಗಿತ್ತು. ಎರಡನೇ ಸಲ ಸೆಲ್ಫ್ ಹೊಡೆದಾಗ ಹತ್ತಿಕೊಂಡಿತು. ಸ್ವಲ್ಪ ನೀಲಿ ಹೊಗೆ ಬಂದು ನಿಂತಿತು. ಭಾಯ್ ಆಯಿಲ್ ಮುಚ್ಚಳ ತೆಗೆದು, ಅದನ್ನು ಬೋರಲು ಮಾಡಿ ಅದೇ ಬಾಯಿ ಮೇಲೆ ಇಟ್ಟರು. ಒಳಗಿನ ಗಾಳಿಯ ಒತ್ತಡಕ್ಕೆ ಮುಚ್ಚಳ ಕುಣಿಯಿತು, ಹಾರಿ ಬೀಳಲಿಲ್ಲ. ಪಿಸ್ಟನ್ ರಿಂಗು ಸವೆದಿದೆ, ಆದರೂ ಇನ್ನೊಂದೆರಡು ಸೀಸನ್ ಎಳೆಯುತ್ತೆ ಅಂತ ಅವರ ತೀರ್ಪು. ಆಮೇಲೆ ಬೋರಿಂಗ್, ಪಿಸ್ಟನ್, ಕ್ರ್ಯಾಂಕ್ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು.

ಓಡಿಸುವುದಕ್ಕೆ ಸುಖ ಇಲ್ಲ, ಅದನ್ನು ಹೇಳಲೇಬೇಕು. ಈ ಗಾಡಿಗೆ ಪವರ್ ಸ್ಟೀರಿಂಗ್ ಇಲ್ಲ, ಮಾರ್ಕೆಟ್ಟಿನಲ್ಲಿ ರಿವರ್ಸ್ ಹಾಕುವಷ್ಟರಲ್ಲಿ ತೋಳು ಬಿದ್ದು ಹೋಗುತ್ತದೆ. ಸೆಕೆಂಡ್ ಗೇರ್ ಕರ್ ಅನ್ನುತ್ತದೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಲೋಡಿನಲ್ಲಿ ಲೀಟರಿಗೆ ಹನ್ನೊಂದು ಬಂದರೆ ದೊಡ್ಡದು. ಆದರೆ ಏಸ್ ಹೂತ ಅದೇ ಹಸಿ ದಾರಿಯಲ್ಲಿ ಎಪ್ಪತ್ತೈದು ಬಾಕ್ಸ್ ಹೊತ್ತು ಫಸ್ಟ್ ಗೇರಿನಲ್ಲಿ ಎಮ್ಮೆ ಥರ ಮೇಲೆ ಬಂತು, ಒಂದೇ ಸಲಕ್ಕೆ.

ಇನ್ನೊಂದು ವಿಷಯ ನನಗೆ ಮುಖ್ಯ. ಇದು ಬಿಎಸ್ 3 ಗಾಡಿ, ಅಂದರೆ ಹೊಗೆಯ ಹಳೇ ನಿಯಮದ್ದು. ಹಳೇ ಡಿಐ ಇಂಜಿನ್, ಕಂಪ್ಯೂಟರ್ ಇಲ್ಲದ ಮೆಕ್ಯಾನಿಕಲ್ ಪಂಪು. ದೋಸ್ತ್‌ನದು ಕಾಮನ್ ರೈಲ್, ಡೀಸೆಲ್ ಬಿಡುವುದೆಲ್ಲ ಕಂಪ್ಯೂಟರ್ ಲೆಕ್ಕದಲ್ಲಿ. ಅದರಲ್ಲಿ ಇಂಜೆಕ್ಟರ್ ಕೈಕೊಟ್ಟರೆ ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಬೊಲೆರೊ ಕೆಟ್ಟರೆ ಭಾಯ್ ಬೈಕಿನಲ್ಲಿ ಸ್ಪ್ಯಾನರ್ ತಗೊಂಡು ತೋಟಕ್ಕೇ ಬರುತ್ತಾರೆ. ಹಣ್ಣು ಗಾಡಿಯಲ್ಲಿದ್ದು ಬೆಳಗಿನ ಹರಾಜು ತಪ್ಪಿದರೆ ಮೈಲೇಜಿನಲ್ಲಿ ಉಳಿದ ದುಡ್ಡೆಲ್ಲ ಒಂದೇ ದಿನಕ್ಕೆ ಹೋಯಿತು, ಅಲ್ವಾ?

ಕೊನೆಗೆ ಬೊಲೆರೊನೇ ತಗೊಂಡೆವು. ಎರಡೂ ಮುಕ್ಕಾಲು ಲಕ್ಷ ಕೇಳಿದ್ದ. ಇಂಜಿನ್ ಕೆಲಸದ ಎಸ್ಟಿಮೇಟು ಚೀಟಿಯಲ್ಲಿ ಬರೆಸಿ ಮುಂದಿಟ್ಟೆವು, ಎರಡೂಕಾಲಕ್ಕೆ ಇಳಿದ. ಟೌನಿನೊಳಗೆ ನೀರಿನ ಕ್ಯಾನು, ದಿನಸಿ ಹಾಕುವವರಾಗಿದ್ದರೆ ನಾನು ಏಸ್ ಕಡೆಗೇ ಕೈ ತೋರಿಸುತ್ತಿದ್ದೆ.

ಪೇಪರ್ ಬಗ್ಗೆ ಎರಡು ಮಾತು. ಆರ್‌ಸಿಯಲ್ಲಿ ಲೋಡು ಸೇರಿದ ತೂಕ ನೋಡಿ, 3,000 ಕೆ.ಜಿ. ಮೀರದಿದ್ದರೆ ಪರ್ಮಿಟ್ ಬೇಡ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಎಷ್ಟು ತುಂಬಬಹುದು ಅನ್ನುವುದೂ ಸಿಗುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ, ಹಾಗಾಗಿ ಯಾವ ತಿಂಗಳಿಗೆ ಮುಗಿಯುತ್ತೆ ಅಂತ ಕೇಳಿ. ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು, 7,500 ಕೆ.ಜಿ.ವರೆಗೆ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ನಮ್ಮ ಗಾಡಿಯ ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಇನ್ನೂ ಹಾಗೇ ಇತ್ತು. ಸಾಲ ತೀರಿ ವರ್ಷಗಳಾಗಿದೆ ಅಂದ ಮಾಲೀಕ. ಇರಬಹುದು. ಸಾಲ ತೀರಿದ್ದಕ್ಕೆ ಫೈನಾನ್ಸಿನವರು ಕೊಡುವ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಐವತ್ತು ಸಾವಿರ ನಮ್ಮ ಹತ್ತಿರವೇ ಇಟ್ಟುಕೊಂಡೆವು.