ಕಾರ್ಡ್ ಪರೀಕ್ಷೆಯ ಕಿಟ್: ಟಾರ್ಚ್ ಚಿನ್ನ, ಲೂಪ್ ದಂಡ

ಆಟಗಾರರ ಚಿತ್ರ ಇರುವ ಕ್ರಿಕೆಟ್ ಕಾರ್ಡ್‌ಗಳನ್ನು ಗ್ರೇಡಿಂಗ್‌ಗೆ, ಅಂದರೆ ಸ್ಥಿತಿ ನೋಡಿ ಅಂಕ ಹಾಕಿಸಲಿಕ್ಕೆ, ಕಳಿಸುವ ಮೊದಲು ಮನೆಯಲ್ಲೇ ನೋಡಿಕೊಳ್ಳಲಿಕ್ಕೆ ಅಂತ ಆನ್‌ಲೈನ್‌ನಲ್ಲಿ ಒಂದು ಕಿಟ್ ಸಿಗುತ್ತದೆ. ಪಾರದರ್ಶಕ ಅಳತೆಪಟ್ಟಿ, ಮಡಚುವ ಲೂಪ್ (ಕಣ್ಣಿಗೆ ಹತ್ತಿರ ಹಿಡಿದು ನೋಡುವ ಸಣ್ಣ ಭೂತಗನ್ನಡಿ), ಸಣ್ಣ ಎಲ್‌ಇಡಿ ಟಾರ್ಚ್, ಮೈಕ್ರೋಫೈಬರ್ ಬಟ್ಟೆ, ಒಂದು ಕಟ್ಟು ಪೆನ್ನಿ ಸ್ಲೀವ್, ಅಂದರೆ ಕಾರ್ಡ್ ಹಾಕುವ ತೆಳು ಪ್ಲಾಸ್ಟಿಕ್ ಕವರ್. ಎಲ್ಲ ಸೇರಿ ಸಾವಿರದ ಇನ್ನೂರು ಕೊಟ್ಟೆ. ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಕಾರವಾರದ ಕೋಡಿಬಾಗದಲ್ಲಿ ನನ್ನದು ಫೋಟೊ ಸ್ಟುಡಿಯೊ. ಲೆನ್ಸು, ಬೆಳಕು ಎರಡೂ ದಿನಾ ಕೈಯಲ್ಲಿರುವ ಸಾಮಾನು. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ.

ಹೊಸಬರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದ ಪಿಎಸ್‌ಎ ಅನ್ನುವ ಕಂಪನಿ 1991ರಿಂದ ಕಾರ್ಡ್‌ಗಳಿಗೆ 1ರಿಂದ 10ರವರೆಗೆ ಗ್ರೇಡ್ ಕೊಡುತ್ತಿದೆ. ನೋಡುವುದು ನಾಲ್ಕು ವಿಷಯ: ಚಿತ್ರ ನಡುವೆ ಕೂತಿದೆಯಾ, ಮೂಲೆಗಳು ಚೂಪಾಗಿವೆಯಾ, ಅಂಚು ಸರಿ ಇದೆಯಾ, ಮೇಲ್ಮೈ ಸ್ವಚ್ಛ ಇದೆಯಾ. ಇಂಥದ್ದೇ ಇನ್ನೊಂದು ಕಂಪನಿ ಬೆಕೆಟ್‌ನವರು ಈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಡುತ್ತಾರೆ. ಫೀಸು, ಅಮೆರಿಕಕ್ಕೆ ಹೋಗಿಬರುವ ಕೊರಿಯರ್, ವಿಮೆ ಎಲ್ಲ ಸೇರಿದರೆ ಒಂದೊಂದು ಕಾರ್ಡಿಗೂ ಸಾವಿರಗಟ್ಟಲೆ ಬೀಳುತ್ತದೆ. ಯಾವ ಕಾರ್ಡ್ ಕಳಿಸಬಾರದು ಅಂತ ಮೊದಲೇ ಗೊತ್ತಾದರೆ ಕಿಟ್ಟಿನ ದುಡ್ಡು ಒಂದೇ ದಿನಕ್ಕೆ ವಸೂಲು.

ಅಳತೆಪಟ್ಟಿ ಚೆನ್ನಾಗಿದೆ. ಗೆರೆಗಳು ತೆಳ್ಳಗೆ, ನೇರವಾಗಿವೆ. ನನ್ನ ಸ್ಟೀಲ್ ಸ್ಕೇಲಿನ ಜೊತೆ ಇಟ್ಟು ನೋಡಿದೆ, ತಾಳೆಯಾಯಿತು. ಶಿರಸಿಯ ನಮ್ಮ ಭಾವನ ಹತ್ತಿರ ತೊಂಬತ್ತರ ದಶಕದ ಸಚಿನ್ ಕಾರ್ಡ್ ಒಂದಿದೆ, ಸುತ್ತ ಬಿಳಿ ಅಂಚು ಇರುವಂಥದ್ದು. ಕಣ್ಣಿಗೆ ಚಿತ್ರ ನಟ್ಟನಡುವೆ ಇದ್ದ ಹಾಗೇ ಕಾಣುತ್ತದೆ. ಪಟ್ಟಿ ಇಟ್ಟರೆ ಎಡಗಡೆ 3 ಮಿಲಿಮೀಟರ್, ಬಲಗಡೆ 2.4. ಎರಡೂ ಕೂಡಿದರೆ 5.4. ಎಡಗಡೆಯ ಪಾಲು ಸುಮಾರು 56, ಬಲದ್ದು 44. ಪಿಎಸ್‌ಎ 10 ಬೇಕಾದರೆ ಈಗ ಮುಂಭಾಗ 55/45ರ ಒಳಗೇ ಇರಬೇಕು. ಹಿಂಭಾಗಕ್ಕೆ 75/25ರವರೆಗೆ ಸಡಿಲ ಇದೆ. ಅಂದರೆ ಕೂದಲೆಳೆಯಷ್ಟರಲ್ಲಿ ಹತ್ತು ತಪ್ಪಿತು. ಒಂಬತ್ತಕ್ಕೆ 60/40 ಸಾಕು, ಅಳತೆಯ ಮಟ್ಟಿಗೆ ಅದು ದಕ್ಕುತ್ತದೆ. ಅಡ್ಡ ಅಳೆದ ಮೇಲೆ ಮೇಲೆ-ಕೆಳಗೆಯೂ ಅಳೆಯಿರಿ, ತುಂಬ ಜನ ಅದನ್ನು ಬಿಡುತ್ತಾರೆ. ಅಂಚೇ ಇಲ್ಲದೆ ತುದಿಯವರೆಗೂ ಚಿತ್ರ ಇರುವ ಕಾರ್ಡಿಗೆ ಮಾತ್ರ ಈ ಪಟ್ಟಿಯಿಂದ ಹೆಚ್ಚು ಉಪಯೋಗವಿಲ್ಲ.

ಇನ್ನು ಟಾರ್ಚ್. ಇಡೀ ಕಿಟ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಬೆಳಕು ಬಿಳಿ, ಕಿರಿದಾಗಿ ಬೀಳುತ್ತದೆ, ನಡುವೆ ಕಪ್ಪು ಮಚ್ಚೆ ಇಲ್ಲ. ಆದರೆ ಹಿಡಿಯುವ ಕ್ರಮ ಗೊತ್ತಿರಬೇಕು. ಜಾಸ್ತಿ ಜನ ಟ್ಯೂಬ್‌ಲೈಟ್ ಕೆಳಗೆ ಕಾರ್ಡ್ ಹಿಡಿದು, ಮೇಲಿನಿಂದ ಟಾರ್ಚ್ ಬಿಟ್ಟು, ಎಲ್ಲ ಸರಿ ಇದೆ ಅಂದುಬಿಡುತ್ತಾರೆ. ಹಾಗೆ ನೋಡಿದರೆ ಏನೂ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ. ಕಾರ್ಡನ್ನು ಕಪ್ಪು ಬಟ್ಟೆಯ ಮೇಲೆ ಇಡಿ. ಟಾರ್ಚನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ, ಬೆಳಕು ಕಾರ್ಡನ್ನು ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಆಮೇಲೆ ಕಾರ್ಡನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಹಳೆ ಫೋಟೊ ರಿಪೇರಿಗೆ ಬಂದಾಗ ಮಡಿಕೆ, ಬಿರುಕು ಹುಡುಕುವುದಕ್ಕೆ ಸ್ಟುಡಿಯೊದಲ್ಲಿ ನಾವು ಮಾಡುವುದೂ ಇದನ್ನೇ.

ಭಾವನ ಸಚಿನ್ ಕಾರ್ಡ್ ಹೀಗೆ ತಿರುಗಿಸುತ್ತಿದ್ದೆ. ಮುಕ್ಕಾಲು ಸುತ್ತು ಬಂದರೂ ಏನಿಲ್ಲ. ಆಮೇಲೆ ಹೆಲ್ಮೆಟ್ಟಿನ ಪಕ್ಕ, ಖಾಲಿ ಆಕಾಶದ ಜಾಗದಲ್ಲಿ, ಉಗುರು ಒತ್ತಿದಂಥ ಬಾಗಿದ ತಗ್ಗು ಒಂದು ಎದ್ದು ಕಂಡಿತು. ಒಂದು ಬದಿ ಹೊಳೆಯುತ್ತಿದೆ, ಇನ್ನೊಂದು ಬದಿ ನೆರಳು. ಕಾರ್ಡನ್ನು ಸ್ವಲ್ಪ ಆಚೆ ತಿರುಗಿಸಿದರೆ ಮಾಯ. ಸ್ಕ್ಯಾನ್ ಮಾಡಿ ನೋಡಿದೆ, ಅದರಲ್ಲಿ ಸುಳಿವೇ ಇಲ್ಲ. ಪಕ್ಕದಲ್ಲೇ ಕೂತಿದ್ದ ಭಾವ ಕೇಳಿದರು, "ಹಂಗಾರೆ ಹತ್ತು ಬತ್ತಿಲ್ಯನ ಭಾವ?" ಒಂಬತ್ತೂ ಬರುವುದಿಲ್ಲ ಅಂತ ಟಾರ್ಚ್ ಅವರ ಕೈಗೇ ಕೊಟ್ಟೆ. ತಾವೇ ತಿರುಗಿಸಿ ನೋಡಿದರು, ಕಳಿಸುವ ವಿಚಾರ ಬಿಟ್ಟರು. ಕಾಗದ ಕುಸಿದ ತಗ್ಗು ಗ್ರೇಡನ್ನು ತುಂಬ ಕೆಳಗೆ ಎಳೆಯುತ್ತದೆ. ಮೂಲೆ ಎಷ್ಟೇ ಚೂಪಾಗಿದ್ದರೂ ಅದನ್ನು ತುಂಬಿಕೊಡುವುದಿಲ್ಲ.

ಲೂಪ್ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ. ಅದರ ಮೇಲೆ 30 ಎಕ್ಸ್, ಅಂದರೆ ಮೂವತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಕೊರೆದಿದ್ದಾರೆ. ನನ್ನ ಹಳೆಯ 10 ಎಕ್ಸ್ ಲೂಪ್ ಪಕ್ಕದಲ್ಲಿಟ್ಟು ಸ್ಕೇಲಿನ ಗೆರೆ ನೋಡಿದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ದಪ್ಪ. ಹತ್ತೇ ಸಾಕು, ಅದು ದೂರಲ್ಲ. ಸುಳ್ಳು ಅಂಕಿ ಕೊರೆದದ್ದು ತಪ್ಪು. ಜೊತೆಗೆ ಇದರ ಅಂಚಿನಲ್ಲಿ ನೇರಳೆ ಬಣ್ಣ ಒಡೆಯುತ್ತದೆ. ಮೂಲೆಯ ಬಿಳಿ ನಾರು ಎದ್ದಿದೆಯಾ ಅಂತ ನೋಡುವಾಗ ಆ ಬಣ್ಣವೇ ಅಡ್ಡ ಬರುತ್ತದೆ. ಪೇಟೆಯಲ್ಲಿ ಬಂಗಾರದ ಕೆಲಸದ ಶೇಟರು ಬಳಸುವಂಥ ಒಳ್ಳೆಯ 10 ಎಕ್ಸ್ ಲೂಪ್ ಒಂದನ್ನು ಬೇರೆಯಾಗಿ ತಗೊಳ್ಳಿ. ಸವೆದ ಅಂಚು ಮರೆಸಲಿಕ್ಕೆ ಯಾರಾದರೂ ಕತ್ತರಿಸಿದ ಕಾರ್ಡನ್ನು ಪತ್ತೆ ಹಚ್ಚಲಿಕ್ಕೂ ಅದು ಬೇಕು. ಸಾಮಾನ್ಯ ಅಳತೆ 63.5 ಗುಣಿಸು 88.9 ಮಿಲಿಮೀಟರ್. ಒಂದು ಬದಿ ಮಾತ್ರ ಬೇರೆ ಮೂರಕ್ಕಿಂತ ಹೊಸದಾಗಿ, ಬೆಳ್ಳಗೆ ಕಂಡರೆ ಅನುಮಾನ ಪಡಿ. ಕತ್ತರಿಸಿದ್ದು ಗೊತ್ತಾದರೆ ಪಿಎಸ್‌ಎ ಅಂಕವನ್ನೇ ಕೊಡುವುದಿಲ್ಲ.

ಬಟ್ಟೆ ಪರವಾಗಿಲ್ಲ. ಕಾರ್ಡ್ ಒರೆಸಲಿಕ್ಕೆ ಮಾತ್ರ ಬಳಸಬೇಡಿ, ಮೇಜು ಒರೆಸಿ. ಹೊಳೆಯುವ ಕಾರ್ಡಿನ ಮೇಲೆ ಒಂದು ಮರಳಿನ ಕಣ ಇದ್ದರೂ ಒರೆಸಿದರೆ ಗೀರು ಬೀಳುತ್ತದೆ. ಸಮುದ್ರದ ಪಕ್ಕದ ಊರಲ್ಲಿ ಮರಳು ಎಲ್ಲಿಂದಾದರೂ ಬರುತ್ತದೆ, ಅಲ್ವಾ? ಫೋಟೊದವರ ಗಾಳಿ ಊದುವ ರಬ್ಬರ್ ಬಲ್ಬ್ ಸಾಕು.

ಕರಾವಳಿಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಕಿಟ್ಟಿನ ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ. ನಮ್ಮಲ್ಲಿ ಜುಲೈನಲ್ಲಿ ಕಾರ್ಡ್ ಪರೀಕ್ಷೆ ಮಾಡಬಾರದು. ಫಾಯಿಲ್ ಇರುವ ಕಾರ್ಡ್‌ಗಳಲ್ಲಿ ಹಿಂದಿನ ಕಾಗದ ತೇವ ಕುಡಿದು ಹಿಗ್ಗುತ್ತದೆ, ಮುಂದಿನ ಫಾಯಿಲ್ ಹಿಗ್ಗುವುದಿಲ್ಲ. ಕಾರ್ಡ್ ಮುಂದಕ್ಕೆ ಬಾಗುತ್ತದೆ. ಆಗ ಅಳತೆಪಟ್ಟಿ ಸರಿಯಾಗಿ ಕೂರುವುದಿಲ್ಲ, ಟಾರ್ಚ್ ಬೆಳಕೂ ಸುಮ್ನೆ ಅಲ್ಲಲ್ಲಿ ನೆರಳು ತೋರಿಸಿ ದಾರಿ ತಪ್ಪಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ, ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟು, ಶೇಕಡಾ 45-50ರ ಹತ್ತಿರ ಬಂದ ಮೇಲೆ ಕೆಲವು ದಿನ ಬಿಟ್ಟು ತೆಗೆಯಿರಿ. ಬಾಗಿದ್ದನ್ನು ಪುಸ್ತಕದ ಕೆಳಗೆ ಒತ್ತಿ ನೆಟ್ಟಗೆ ಮಾಡಲಿಕ್ಕೆ ಹೋಗಬೇಡಿ. ಅಂಥ ಕಡೆಯೇ ಹೊಸ ಗುರುತು ಬೀಳುವುದು.

ಪೆನ್ನಿ ಸ್ಲೀವ್ ಒಳ್ಳೆಯದೇ, ಬಾಯಿ ಅಗಲ ಇದೆ, ಮೂಲೆ ತಾಗುವುದಿಲ್ಲ. ಆದರೆ ಕಳಿಸುವಾಗ ಸ್ಲೀವ್ ಸಮೇತ ಹಾಕುವ ಅರೆಗಟ್ಟಿ ಹೋಲ್ಡರ್ ಕಿಟ್‌ನಲ್ಲಿಲ್ಲ. ಕಾರ್ಡ್ ಸೇವರ್ 1 ಅನ್ನುವ ಅಂಥ ಹೋಲ್ಡರ್ ಬೇರೆಯಾಗಿ ತರಿಸಬೇಕು. ಸ್ಲೀವಿನ ಮೇಲ್ತುದಿಗೆ, ಕಾರ್ಡಿಗೆ ತಾಗದ ಹಾಗೆ, ಸ್ಟಿಕಿ ನೋಟಿನ ಸಣ್ಣ ತುಂಡು ಅಂಟಿಸಿಡಿ. ಗ್ರೇಡ್ ಮಾಡುವವರು ಅದನ್ನು ಹಿಡಿದು ಎಳೆದರೆ ಕಾರ್ಡ್ ಮೂಲೆ ಮುಟ್ಟದೆ ಹೊರಗೆ ಬರುತ್ತದೆ.