ಎಸ್‌ಡಿಎಸ್‌011 ಧೂಳುಮಾಪಕ: ಕರಾವಳಿಯ ಉಪ್ಪುಗಾಳಿಯಲ್ಲಿ ಎಷ್ಟು ನಂಬಬಹುದು?

ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ಸುತ್ತ ‘ಬೂದಿ ಬೀಳ್ತದೆ’ ಎನ್ನುವುದು ಹಳೆಯ ದೂರು. ‘ಎಷ್ಟು, ಯಾವಾಗ, ಯಾವ ಕಡೆಯಿಂದ?’ ಎಂಬ ಮರುಪ್ರಶ್ನೆಗೂ ಅಷ್ಟೇ ವಯಸ್ಸಾಗಿದೆ. ಆ ಪ್ರಶ್ನೆಗೆ ಊರವರೇ ಉತ್ತರ ಹುಡುಕಲು ಹೊರಟಾಗ ಮೊದಲು ಕೈಗೆ ಸಿಗುವುದು ನೋವಾ ಫಿಟ್‌ನೆಸ್ ಕಂಪನಿಯ ಎಸ್‌ಡಿಎಸ್‌011 ಸೆನ್ಸರ್. ಸರಕಾರಿ ಕೇಂದ್ರಗಳ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು, ಇದಕ್ಕೆ ಕೆಲವು ಸಾವಿರ ಸಾಕು. ‘ಯಾವಾಗ’ ಮತ್ತು ‘ಯಾವ ಕಡೆಯಿಂದ’ ಎನ್ನುವುದನ್ನು ಇದು ಚೆನ್ನಾಗಿಯೇ ಹೇಳುತ್ತದೆ. ‘ಎಷ್ಟು’ ಎನ್ನುವುದಕ್ಕೆ ಇದರ ಮಾತನ್ನು ಹಾಗೇ ಒಪ್ಪಬೇಡಿ.

ಜೋಡಿಸುವ ಕೆಲಸ ಒಂದು ಸಂಜೆಯದು. 2015ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಾಗರಿಕರೇ ಶುರು ಮಾಡಿದ ಜಾಲದ ಉಚಿತ ಫರ್ಮ್‌ವೇರ್ (ಬೋರ್ಡನ್ನು ನಡೆಸುವ ತಂತ್ರಾಂಶ) ಇದಕ್ಕೆ ಹೊಂದುತ್ತದೆ. ಸೆನ್ಸರಿನ ಅಂಕಿಗಳನ್ನು ವೈಫೈ ಮೂಲಕ ಕಳಿಸುವ ನೋಡ್‌ಎಂಸಿಯು ಬೋರ್ಡ್ ಕೊಳ್ಳುವಾಗ ಮೂರನೇ ಆವೃತ್ತಿಯನ್ನೇ ಕೇಳಿ. ಸೆನ್ಸರಿಗೆ 5 ವೋಲ್ಟ್ ಬೇಕು, ಅದನ್ನು ಕೊಡುವ ‘ವಿಯು’ ಪಿನ್ ಅದರಲ್ಲಿ ಉಂಟು. ಸೆನ್ಸರಿನ ಟಿಎಕ್ಸ್ (ಅಂಕಿ ಕಳಿಸುವ) ಪಿನ್ ಬೋರ್ಡಿನ ಡಿ1ಕ್ಕೆ, ಆರ್‌ಎಕ್ಸ್ (ಆದೇಶ ಪಡೆಯುವ) ಪಿನ್ ಡಿ2ಕ್ಕೆ. ಫರ್ಮ್‌ವೇರ್ 145 ಸೆಕೆಂಡಿಗೊಮ್ಮೆ ಸೆನ್ಸರನ್ನು ಎಬ್ಬಿಸಿ, ಸುಮಾರು 20 ಸೆಕೆಂಡಿನಲ್ಲಿ ಅಳೆದು ಮತ್ತೆ ಮಲಗಿಸುತ್ತದೆ. ಆ ಅಂತರವನ್ನು ಇಳಿಸಬೇಡಿ. ಒಳಗಿನ ಲೇಸರಿನ ಆಯುಷ್ಯ 8,000 ಗಂಟೆ, ಬಿಡದೆ ಓಡಿಸಿದರೆ 333 ದಿನಕ್ಕೆ ಮುಗಿಯಿತು.

ತೇವಾಂಶ ಅಳೆಯಲು ಜೊತೆಗೊಂದು ಬಿಎಂಇ280 ಸೆನ್ಸರ್ ಬೇಕೇ ಬೇಕು. ಇಲ್ಲಿ ಮೋಸ ನಡೆಯುವುದು ಹೆಚ್ಚು: ಬಿಎಂಇ ಎಂದು ಹೇಳಿ ಬಿಎಂಪಿ280 ಕೊಡುತ್ತಾರೆ, ಅದು ತೇವಾಂಶವನ್ನು ಅಳೆಯುವುದೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿ, ಲೋಹದ ಪುಟ್ಟ ಮುಚ್ಚಳ ಚೌಕವಾಗಿದ್ದರೆ ಬಿಎಂಇ, ಆಯತವಾಗಿದ್ದರೆ ಬಿಎಂಪಿ.

ಗೂಡಿಗೆ ಪ್ಲಂಬಿಂಗ್ ಅಂಗಡಿಯ ಎರಡು ಪಿವಿಸಿ ಎಲ್ಬೋ (ಬಾಗು ಪೈಪ್) ಸಾಕು, ಬಾಯಿ ಕೆಳಮುಖವಾಗಿರಲಿ. ಸೆನ್ಸರಿನ ಅಗಲವೇ 71 ಮಿ.ಮೀ. ಇರುವುದರಿಂದ 75 ಮಿ.ಮೀ. ಪೈಪಿನೊಳಗೆ ತುರುಕಲು ಹೋಗಿ ಬೋರ್ಡ್ ಮುರಿಯುವವರಿದ್ದಾರೆ, 110 ಮಿ.ಮೀ. ತೆಗೆದುಕೊಳ್ಳಿ. ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ಕಟ್ಟದಿದ್ದರೆ ಜೇಡ ಒಳಗೆ ಬಲೆ ನೇಯುತ್ತದೆ, ಅಳತೆ ಇದ್ದಕ್ಕಿದ್ದಂತೆ ಏರುತ್ತದೆ, ಹೋರಾಟದ ವಾಟ್ಸಾಪ್ ಗುಂಪಿನಲ್ಲಿ ಗುಲ್ಲೆದ್ದು ಹೋಗುತ್ತದೆ!

ಇನ್ನು ನಮ್ಮ ಕರಾವಳಿಯ ನಿಜವಾದ ತೊಡಕು ತೇವಾಂಶ. ಈ ಸೆನ್ಸರ್ ಲೇಸರ್ ಬೆಳಕು ಚೆದುರುವುದನ್ನು ನೋಡಿ ಕಣಗಳನ್ನು ಅಂದಾಜಿಸುತ್ತದೆ. ಸಮುದ್ರದ ಉಪ್ಪಿನ ಕಣ ನೀರು ಹೀರಿ ಉಬ್ಬಿದಾಗ ಅದನ್ನು ದೊಡ್ಡ ಧೂಳೆಂದು ಎಣಿಸುತ್ತದೆ. ತಯಾರಕರೇ ಶೇ. 70ರ ತೇವಾಂಶದ ಮಿತಿ ಹಾಕಿದ್ದಾರೆ, ಉಡುಪಿಯಲ್ಲಿ ಬೇಸಗೆಯ ಮುಂಜಾವಿನಲ್ಲೂ ಅದು ದಾಟುತ್ತದೆ. ಹಾಗಾಗಿ ಬೆಳಗಿನ ಐದು ಗಂಟೆಯ ಏರಿಕೆಯನ್ನು ತೋರಿಸಿ ‘ರಾತ್ರಿ ಹೊಗೆ ಬಿಡ್ತಾರೆ’ ಎಂದು ಪತ್ರ ಬರೆದರೆ, ತಿಳಿದ ಎಂಜಿನಿಯರ್ ಎರಡೇ ಮಾತಿನಲ್ಲಿ ಬಾಯಿ ಮುಚ್ಚಿಸುತ್ತಾನೆ. ಶೇ. 70 ಮೀರಿದ ಹೊತ್ತಿನ ಅಳತೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ವಾದಕ್ಕೆ ಅವುಗಳನ್ನು ನೆಚ್ಚಬೇಡಿ. ಡಿಸೆಂಬರಿನಿಂದ ಮಾರ್ಚ್ ವರೆಗಿನ ಹಗಲಿನ ಅಳತೆಯೇ ಗಟ್ಟಿ.

ಒಂದೇ ಯಂತ್ರ ಕೊಂಡರೆ ಹಣ ದಂಡ. ಕನಿಷ್ಠ ಎರಡು ಬೇಕು. ಮೊದಲ ವಾರ ಎರಡನ್ನೂ ಅಕ್ಕಪಕ್ಕ ತೂಗುಹಾಕಿ, ಅವುಗಳ ನಡುವಿನ ವ್ಯತ್ಯಾಸ ಬರೆದಿಡಿ. ಸಾಧ್ಯವಾದರೆ ಮಂಗಳೂರಿನ ಕದ್ರಿಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರದ ಹತ್ತಿರದ ಮನೆಯೊಂದರಲ್ಲಿ ಕೆಲವು ದಿನ ಇಟ್ಟು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಬರುವ ಅಂಕಿಗಳ ಜೊತೆ ತಾಳೆ ನೋಡಿ. ಆಮೇಲೆ ಸ್ಥಾವರದ ಪಡುವಣಕ್ಕೊಂದು, ಮೂಡಣಕ್ಕೊಂದು. ಮಧ್ಯಾಹ್ನ ಕಡಲಗಾಳಿ ಪೂರ್ವಕ್ಕೆ ಬೀಸುತ್ತದೆ, ರಾತ್ರಿ ನೆಲಗಾಳಿ ಕಡಲಿಗೆ. ಗಾಳಿ ತಿರುಗಿದಂತೆ ಏರಿಕೆಯೂ ಒಂದರಿಂದ ಇನ್ನೊಂದಕ್ಕೆ ದಾಟಿದರೆ, ಒಂಟಿ ಅಂಕಿ ಹೇಳಲಾಗದ್ದನ್ನು ಆ ದಾಟುವಿಕೆ ಹೇಳುತ್ತದೆ. ಜೊತೆಗೆ ದಿನಚರಿ ಬೇಕು: ತರಗೆಲೆಗೆ ಬೆಂಕಿ, ಗದ್ದೆಯ ಸುಡುಮಣ್ಣು, ದೀಪಾವಳಿ, ಹೆದ್ದಾರಿ 66ರ ಕಾಮಗಾರಿ, ಎಲ್ಲವೂ ಗಂಟೆ ಸಮೇತ.

ಇದಕ್ಕೆ ಕಾಣದ್ದೂ ಬಹಳ ಉಂಟು. ಗಂಧಕದ ಡೈಆಕ್ಸೈಡನ್ನು ಇದು ಅಳೆಯುವುದಿಲ್ಲ. ಪಿಎಂ 10 (10 ಮೈಕ್ರಾನ್ ವರೆಗಿನ ಕಣಗಳು) ಎಂದು ತೋರಿಸುವ ಅಂಕಿ ದಪ್ಪ ಕಣಗಳ ವಿಷಯದಲ್ಲಿ ತೀರಾ ಕಡಿಮೆ ಬರುತ್ತದೆ, ಸ್ಥಾವರದ ಬೂದಿ ತುಂಬುವ ಹೊಂಡದಿಂದ ಹಾರುವ ಬೂದಿಯಲ್ಲಿ ದಪ್ಪದ ಪಾಲೇ ದೊಡ್ಡದು. 500 ಮೆಗಾವ್ಯಾಟ್ ಮತ್ತು ಮೇಲ್ಪಟ್ಟ ಘಟಕಗಳಿಗೆ ಹಳೆಯ ನಿಯಮ ಕೇಳುತ್ತಿದ್ದುದು 275 ಮೀಟರ್ ಎತ್ತರದ ಚಿಮಣಿ, ಇಲ್ಲಿರುವುದು 600ರ ಎರಡು ಘಟಕ. ಅಷ್ಟು ಎತ್ತರದ ಹೊಗೆ ಬಹುಪಾಲು ದೂರ ಹೋಗಿ ಇಳಿಯುತ್ತದೆ. ಹತ್ತಿರದ ಜಗಲಿಯ ಯಂತ್ರಕ್ಕೆ ಸಿಗುವುದು ಹೆಚ್ಚಾಗಿ ಪಣಂಬೂರಿನಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿನ ರಾಶಿ, ಬೂದಿಹೊಂಡ ಮತ್ತು ಲಾರಿಗಳ ಧೂಳು.

ಆ ಕೊರತೆಯನ್ನು ತುಂಬಲು ಯಂತ್ರದ ಪಕ್ಕದಲ್ಲೇ ತೆಳ್ಳಗೆ ವ್ಯಾಸಲೀನ್ ಸವರಿದ ಗಾಜಿನ ಸ್ಲೈಡ್ ಇಡಿ, 24 ಗಂಟೆ ಸಾಕು. ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿದರೆ ಹಾರುಬೂದಿ ಸಾಸಿವೆಯಂತೆ ಉರುಟುರುಟಾದ ಗಾಜಿನ ಗುಂಡು. ಮುರಕಲ್ಲಿನ ಧೂಳು ಕೆಂಪು, ಮೂಲೆಮೂಲೆ. ಕಲ್ಲಿದ್ದಲಿನ ಪುಡಿ ಕಪ್ಪು ಚೂರು. ಹತ್ತು ರೂಪಾಯಿಯ ಸ್ಲೈಡು ಸಾವಿರಗಳ ಸೆನ್ಸರಿಗಿಂತ ಚೆನ್ನಾಗಿ ಸಾಕ್ಷಿ ಹೇಳುವ ಜಾಗ ಇದು.

ಸೆನ್ಸರಿನ ಅಂಕಿಯನ್ನು ನೇರವಾಗಿ ರಾಷ್ಟ್ರೀಯ ಹಸಿರು ನ್ಯಾಯಪೀಠಕ್ಕೆ ಒಯ್ಯಬೇಡಿ. ನಂದಿಕೂರು ಜನಜಾಗೃತಿ ಸಮಿತಿಯ ಪ್ರಕರಣದಲ್ಲಿ 2022ರಲ್ಲಿ ಹಸಿರು ನ್ಯಾಯಪೀಠ ಈ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ವಿಧಿಸಿದ್ದು ತಜ್ಞ ಸಮಿತಿಯ ವರದಿಯ ಬಲದಿಂದ. ಸೆನ್ಸರಿನ ಕೆಲಸ ಅದಕ್ಕಿಂತ ಹಿಂದಿನ ಹೆಜ್ಜೆಯದು: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ನಿಂತು ಅಳೆಯಬೇಕೆಂದು ಮಂಡಳಿಗೆ ಬೆರಳಿಟ್ಟು ತೋರಿಸುವುದು. ದೂರಿನಲ್ಲಿ ಪಿಎಂ 2.5ರ (2.5 ಮೈಕ್ರಾನ್ ವರೆಗಿನ ಸೂಕ್ಷ್ಮ ಕಣಗಳ) 24 ಗಂಟೆಯ ಸರಾಸರಿಯನ್ನೇ ಬರೆಯಿರಿ, ಭಾರತದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ ಇರುವುದು ಆ ಸರಾಸರಿಗೆ. ಕ್ಷಣದ ಶಿಖರವನ್ನು ಅದಕ್ಕೆ ಹೋಲಿಸಿದರೆ ದೂರು ಅಲ್ಲಿಗೇ ಸತ್ತಿತು. ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸ್ಥಾವರ ಸಲ್ಲಿಸಬೇಕಾದ ಅರ್ಧವಾರ್ಷಿಕ ಪಾಲನಾ ವರದಿಯ (ಪರಿಸರ ಅನುಮತಿಯ ಷರತ್ತುಗಳನ್ನು ಪಾಲಿಸಿದ ಬಗೆಗಿನ ವರದಿ) ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತರಿಸಿ, ಅದೇ ತಿಂಗಳ ನಿಮ್ಮ ದಾಖಲೆಯ ಪಕ್ಕದಲ್ಲಿಟ್ಟು ಓದಿ.

ಮೇ ಕೊನೆಗೆ ಯಂತ್ರ ಬಿಚ್ಚಿ, ಫ್ಯಾನಿಗೆ ಅಂಟಿದ ಉಪ್ಪನ್ನು ಒಣ ಬ್ರಶ್‌ನಿಂದ ತೆಗೆದು, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಮಳೆಗಾಲವಿಡೀ ಹೊರಗೆ ಬಿಟ್ಟರೆ ಲೇಸರಿಗಿಂತ ಮೊದಲು ಫ್ಯಾನ್ ತುಕ್ಕು ಹಿಡಿಯುತ್ತದೆ.